ಬೇತಮಂಗಲದಲ್ಲಿ ಬಿಸಿ ಇಳಿಸಿದ್ದು

ಬಂಗಾರಪೇಟೆ ದಾಟಿ ಕೆಜಿಎಫ್ ಹತ್ತಿರವಾದಂತೆ ಸೈನೈಡ್ ದಿಬ್ಬಗಳು ಕಣ್ಣಿಗೆ ಬೀಳುತ್ತವೆ. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. 1880ರಿಂದ 2001ರ ಫೆಬ್ರವರಿ 28ರವರೆಗೆ ನೆಲದಾಳದಿಂದ ಎತ್ತಿ, ಅರೆದು, ಚಿನ್ನ ತೆಗೆದುಕೊಂಡು ಬಿಸುಟ ಮಣ್ಣು ಅದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಕೆಳಗೆ ಬಂಡೆಯೇ 65 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದಿರುತ್ತಿತ್ತು. ಮೇಲೆ ದೊಡ್ಡ ಯಂತ್ರಗಳಲ್ಲಿ ಗಾಳಿ ತಣಿಸಿ ಒಳಗೆ ಇಳಿಸಿದ್ದರಿಂದಲೇ ಕಾರ್ಮಿಕರು ಅಲ್ಲಿ ನಿಂತು ಕೆಲಸ ಮಾಡಿದರು.

ನಾವು ಹೊರಟಿದ್ದೂ ಬಿಸಿ ಇಳಿಸುವ ಕೆಲಸಕ್ಕೇ. ಗೆಳೆಯನ ಪಿಕಪ್ ಆಟೋಮ್ಯಾಟಿಕ್. ಎಡಮಂಡಿ ನೋವಿಗೆ ಕ್ಲಚ್ ತುಳಿಯಲಾಗದೆ ಕೊಂಡದ್ದು. ಪೇರ್ನಾಂಬಟ್ಟಿನಿಂದ ವಿ.ಕೋಟೆಗೆ ಟೊಮೇಟೊ ಲೋಡ್ ಹಾಕಿಕೊಂಡು ಘಾಟಿ ಹತ್ತುವಾಗ ಗೇರ್‌ಬಾಕ್ಸ್ ಆಯಿಲ್ ಕಾದು ದೀಪ ಹತ್ತಿತ್ತು. ಡಿಪ್‌ಸ್ಟಿಕ್ ಎಳೆದು ನೋಡಿದರೆ ಕೆಂಪಗಿರಬೇಕಾದ ಆಯಿಲ್ ಕಂದು, ಮೂಗಿಗೆ ಸುಟ್ಟ ವಾಸನೆ.

ಬೇತಮಂಗಲದ ಒಂದು ಗ್ಯಾರೇಜಿನಲ್ಲಿ ಹಿರಿಯರೊಬ್ಬರು ಕೂತಿದ್ದರು. ಕೆಜಿಎಫ್‌ನ ಬೆಮೆಲ್‌ನಲ್ಲಿ ಗೇರ್‌ಬಾಕ್ಸ್ ಜೋಡಿಸಿ ನಿವೃತ್ತರಾದವರು. 1964ರಲ್ಲಿ ಹುಟ್ಟಿದ ಆ ಕಂಪನಿ ಅಲ್ಲಿ ಬುಲ್ಡೋಜರ್ ಮಾಡುತ್ತದೆ. ಡೋಜರಿಗೂ ಟಾರ್ಕ್ ಕನ್ವರ್ಟರ್ ಇದೆ, ಆಯಿಲ್ ಕೂಲರ್ ಇದೆ. ಗಣಿ ಮುಚ್ಚಿದ ಊರಿನ ಕೈಗಳಲ್ಲಿ ಈ ವಿದ್ಯೆ ಉಳಿದಿರುವುದು ಎಂಥ ಭಾಗ್ಯ!

"ಕನ್ವರ್ಟರ್ ಒಳಗೆ ಎರಡು ಫ್ಯಾನ್ ಎದುರುಬದುರು ಇರ್ತವೆ ಸಾರ್. ಒಂದು ಆಯಿಲ್ ತಳ್ಳುತ್ತೆ, ಇನ್ನೊಂದು ಅದರ ಏಟಿಗೆ ತಿರುಗುತ್ತೆ. ಲೋಡಲ್ಲಿ ನಿಧಾನಕ್ಕೆ ಹತ್ತುವಾಗ ಎರಡೂ ಒಂದೇ ಸ್ಪೀಡಲ್ಲಿ ಸುತ್ತಲ್ಲ. ಆ ವ್ಯತ್ಯಾಸವೆಲ್ಲಾ ಬಿಸಿಯಾಗಿ ಆಯಿಲಿಗೇ ಇಳಿಯುತ್ತೆ" ಎಂದರು. ಕಬ್ಬಿಣಕ್ಕೆ ಕಬ್ಬಿಣ ಕಚ್ಚದೆ, ಬರೀ ದ್ರವದ ತಳ್ಳಾಟದಲ್ಲಿ ಟನ್‌ಗಟ್ಟಲೆ ಟೊಮೇಟೊ ಬೆಟ್ಟ ಹತ್ತುತ್ತದೆ ಎಂಬುದು ನನಗೆ ಅವತ್ತೇ ಮನಸ್ಸಿಗೆ ಇಳಿದದ್ದು.

ಈ ಆಯಿಲ್ 80–95 ಡಿಗ್ರಿಯಲ್ಲಿ ಸುಖವಾಗಿರುತ್ತದೆ. 120 ದಾಟಿದರೆ ಅದರ ಆಯಸ್ಸು ವೇಗವಾಗಿ ಕರಗಿ, ಕಿಟ್ಟ ಕಟ್ಟಿ, ಸೀಲು ಗಟ್ಟಿಯಾಗುತ್ತದೆ. ಕಂಪನಿಯವರು ರೇಡಿಯೇಟರಿನೊಳಗೇ ಒಂದು ಚಿಕ್ಕ ಕೂಲರ್ ಇಟ್ಟಿರುತ್ತಾರೆ. ಆದರೆ ಘಾಟಿಯಲ್ಲಿ ರೇಡಿಯೇಟರಿನ ನೀರೇ ಕಾದಿರುವಾಗ ಅದು ಎಷ್ಟು ತಣಿಸೀತು?

ಅದಕ್ಕೇ ಹೊರಗೆ ಇನ್ನೊಂದು ಕೂಲರ್ ಬೇಕಿತ್ತು. ಗೆಳೆಯ ಅಗ್ಗದ್ದೊಂದನ್ನು ತಂದಿದ್ದ, ಒಂದೇ ಕೊಳವೆ ಸುತ್ತಿ ಬಳಸಿ ಹೋಗುವಂಥದ್ದು. ಹಿರಿಯರು ಬೇಡವೆಂದರು. ತೆಳು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ ಪ್ಲೇಟ್ ಕೂಲರ್ ಅಷ್ಟೇ ಜಾಗದಲ್ಲಿ ಹೆಚ್ಚು ಬಿಸಿ ಬಿಡುತ್ತದೆ. ಗಾಡಿಯ ಬರೀ ತೂಕವಲ್ಲ, ಲೋಡ್ ಸೇರಿದ ಒಟ್ಟು ತೂಕಕ್ಕೆ ಹೊಂದುವಂಥದ್ದನ್ನು ಆರಿಸಿದರು.

ಬಂಪರ್ ಮತ್ತು ಗ್ರಿಲ್ ಬಿಚ್ಚಿ, ಏಸಿ ಕಂಡೆನ್ಸರಿನ ಮುಂದೆ, ಎದುರುಗಾಳಿ ನೇರ ಬಡಿಯುವ ಕಡೆ ಕೂಲರ್ ಕೂರಿಸಿದರು. ಜೊತೆಗೆ ಬಂದಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಕಂಡೆನ್ಸರ್ ಜಾಲರಿಯೊಳಗೆ ತೂರಿಸಿ ಬಿಗಿಯಬಹುದಿತ್ತು. ಅವರು ಒಪ್ಪಲಿಲ್ಲ. ಕುಲುಕಿ ಕುಲುಕಿ ಜಾಲರಿ ತೂತಾಗುತ್ತದೆಂದು ಕಬ್ಬಿಣದ ಬ್ರಾಕೆಟ್ ಬೆಸುಗೆ ಹಾಕಿಸಿ, ರಬ್ಬರ್ ವಾಷರ್ ಇಟ್ಟು ಬೋಲ್ಟ್ ಬಿಗಿದರು. ರೇಡಿಯೇಟರಿನ ಕೂಲರಿನಿಂದ ಗೇರ್‌ಬಾಕ್ಸಿಗೆ ಮರಳುವ ಪೈಪಿಗೇ ಹೊಸದನ್ನು ಸೇರಿಸಿದ್ದು. ಮೊದಲು ನೀರಿನಿಂದ, ಆಮೇಲೆ ಗಾಳಿಯಿಂದ, ಹೀಗೆ ಆಯಿಲ್ ಎರಡು ಸಲ ತಣಿಯುತ್ತದೆ. ಹೋಸ್ ಕೂಡ ಬಿಸಿ ಆಯಿಲಿಗೆಂದೇ ಮಾಡಿದ್ದು, ನೀರಿನ ಹೋಸ್ ಅಲ್ಲ. ಎಲ್ಲೂ ಮಡಚಿಕೊಳ್ಳದಂತೆ, ಯಾವುದಕ್ಕೂ ಉಜ್ಜದಂತೆ ಕೈಯಲ್ಲಿ ಸವರಿ ಸವರಿ ನೋಡಿದರು. ಹೆತ್ತ ಮಗುವಿಗೆ ಎಣ್ಣೆ ಹಚ್ಚುವ ಬಾಣಂತಿಯ ಕೈಯಲ್ಲಿನ ಜೋಪಾನ ಅದು. ಹಳೇ ಆಯಿಲ್ ಇಳಿಸಿ, ಗಾಡಿಯ ಪುಸ್ತಕದಲ್ಲಿ ಹೇಳಿದ ದರ್ಜೆಯದನ್ನೇ ತುಂಬಿ, ಎಂಜಿನ್ ಓಡಿಸಿ, ಬಿಸಿಯಾದ ಮೇಲೆ ಮಟ್ಟ ನೋಡಿದರು.

ಪರೀಕ್ಷೆಗೆಂದು ಕೆರೆ ಏರಿಯ ಕಡೆ ಹೋದೆವು. ನಂದಿಬೆಟ್ಟದಲ್ಲಿ ಹುಟ್ಟಿದ ಪಾಲಾರ್ ಇಲ್ಲಿ ಕೆರೆಯಾಗಿ ನಿಂತಿದೆ. ಶಾಸನಗಳಲ್ಲಿ ಈ ಊರು ವಿಜಯಾದಿತ್ಯಮಂಗಲ, ಬಾಣ ಅರಸರ ಕಾಲದ ಹೆಸರು. ಕೆಜಿಎಫ್‌ನ ಗಣಿಗಳೂ ಕಾಲೊನಿಗಳೂ ಕುಡಿದದ್ದು ಇಲ್ಲಿಂದ ಪಂಪ್ ಮಾಡಿದ ನೀರು. ಆ ಕಾದ ಪಾತಾಳಕ್ಕೆ ಇಳಿದವರ ಬಾಯಾರಿಕೆ ತಣಿಸಿದ್ದು ಈ ಕೆರೆಯೇ ಎಂದು ನೆನೆದಾಗ ಏರಿಯ ಮೇಲೆ ನಿಂತು ಕೈ ಮುಗಿದೆ.

ಮುಂದೆ ಅದೇ ಘಾಟಿಯನ್ನು ಅದೇ ಲೋಡಿನಲ್ಲಿ ಹತ್ತಿದೆವು. ತಾಪಮಾನ ನೂರು ಮುಟ್ಟಲಿಲ್ಲ. ಆಟೋಮ್ಯಾಟಿಕ್ ಗಾಡಿಯಲ್ಲಿ ಘಾಟಿ ಹತ್ತಿಸಿ ಮಾಲು ಸಾಗಿಸುವವರು ಬೇಸಿಗೆಗೆ ಮೊದಲು ಒಮ್ಮೆ ಆಯಿಲಿನ ಬಣ್ಣ, ವಾಸನೆ ನೋಡಿಸಿಕೊಳ್ಳಿ. ಕಂದಾಗಿದ್ದರೆ ಆಯಿಲ್ ಬದಲಾಯಿಸಿ, ಕೂಲರ್ ಹಾಕಿಸಿಬಿಡಿ. ಗೇರ್‌ಬಾಕ್ಸ್ ಬಿಚ್ಚಿಸುವ ಖರ್ಚಿನ ಮುಂದೆ ಅದು ಏನೇನೂ ಅಲ್ಲ.