ಬೆಟ್ಟ ಕಾಣುವ ಮನೆ

ಮೈಸೂರಿನ ಸಿದ್ಧಾರ್ಥನಗರದಲ್ಲಿ ಮನೆ ಹುಡುಕಲು ಹೊರಟ ದಂಪತಿಗಳಿಗೆ ಚಾಮುಂಡಿ ಬೆಟ್ಟದ ನೋಟ ಬಿಟ್ಟಿಯಾಗಿ ದೊರೆಯುತ್ತದೆ. ಸಮೀಪದಲ್ಲೇ ಲಲಿತಮಹಲಿನ ಬಿಳಿಯ ಗುಮ್ಮಟ. ವೈಸರಾಯರ ಬಿಡಾರಕ್ಕೆಂದು ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅಡಿಗಲ್ಲಿಟ್ಟ ಅರಮನೆ ಅದು. ಆ ಅತಿಥಿಗಳನ್ನು ಮುಂಗಡ ಕೇಳಿದವರು ಯಾರೂ ಇದ್ದಿರಲಾರರು!

ಬಡಾವಣೆಯ ಗೇಟುಗಳಲ್ಲಿ ತೂಗುವ ಹಲಗೆಗಳು ಎರಡು ಬಗೆ: ‘ಬಾಡಿಗೆಗೆ’, ‘ಭೋಗ್ಯಕ್ಕೆ’. ಬಾಡಿಗೆಯ ಕರಾರು ಸಾಮಾನ್ಯವಾಗಿ ಹನ್ನೊಂದೇ ತಿಂಗಳಿನದು. 1908ರ ನೋಂದಣಿ ಕಾಯಿದೆಯಂತೆ ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕು. ಆ ಖರ್ಚನ್ನು ತಪ್ಪಿಸುವ ಜಾಣತನ ಹನ್ನೊಂದರಲ್ಲಿ ಅಡಗಿದೆ. ಮುಂಗಡವು ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದು ಕೇಂದ್ರದ 2021ರ ಮಾದರಿ ಕಾಯಿದೆ ಹೇಳುತ್ತದೆ; ಮಾದರಿಯೆಂದರೆ ಮಾದರಿ, ಅಷ್ಟೆ.

ಭೋಗ್ಯದ ಕಥೆಯೇ ಬೇರೆ. ಹಲವು ಲಕ್ಷಗಳನ್ನು ಒಮ್ಮೆಗೇ ಮಾಲೀಕನ ಕೈಗಿತ್ತರೆ ತಿಂಗಳ ಬಾಡಿಗೆಯಿಲ್ಲ. ಮನೆ ಬಿಡುವಾಗ ಅಸಲು ಹಿಂದಕ್ಕೆ. ಬಡ್ಡಿಯೇ ಬಾಡಿಗೆ. ನಿವೃತ್ತಿಯ ಹಣವನ್ನು ಹಿಡಿದು ಬಂದವರಿಗೆ ಇದು ಸುಲಭದ ಹಾದಿಯಾಗಿ ತೋರುವುದು ಸಹಜ. ಆದರೆ ಅದೇ ಮನೆಯನ್ನು ಮಾಲೀಕ ಮೊದಲೇ ಬ್ಯಾಂಕಿಗೆ ಅಡವಿಟ್ಟು, ಕಂತು ತೀರಿಸದೆ ಹೋದರೆ, ಬ್ಯಾಂಕಿನ ಹಕ್ಕು ಮುಂದು, ಸಂಸಾರದ ಹಣ ಹಿಂದು. ಆದುದರಿಂದ ಅನುಭವಸ್ಥರು ಉಪನೋಂದಣಾಧಿಕಾರಿಯ ಕಚೇರಿಯಿಂದ ಋಣಭಾರ ಪತ್ರವನ್ನು ತೆಗೆಸಿ ನೋಡುತ್ತಾರೆ. ಅದರಲ್ಲಿ ಕಾಣದ ಅಡಮಾನವೂ ಇರಬಹುದಾದ್ದರಿಂದ ಮೂಲ ಕ್ರಯಪತ್ರವನ್ನೇ ತೋರಿಸೆನ್ನುತ್ತಾರೆ.

ಹಾಗೆ ಕೇಳುವುದೇ ಕಷ್ಟ. ಕಾಫಿ ಕೊಟ್ಟ ಮನೆಯವರೊಡನೆ ಸಂಶಯದ ಮಾತೆತ್ತಲು ಗಂಡಸರಿಗೆ ಸಂಕೋಚ. ಅವರು ಬೆಟ್ಟವನ್ನು ಹೊಗಳುತ್ತಿರುವಾಗಲೇ, “ಪತ್ರವೆಲ್ಲ ಮನೆಯಲ್ಲೇ ಇದೆಯೇನಮ್ಮ, ಬ್ಯಾಂಕಿನಲ್ಲಿದೆಯೋ?” ಎಂದು ಹೆಂಡತಿ ಮನೆಯೊಡತಿಯನ್ನು ಕೇಳಿಬಿಡುತ್ತಾಳೆ.