ಬರೆಯುವ ಕೈ ಯಾರ ಮಾತು ಕೇಳಬೇಕು?

ಹುಣಸಗಿ ಕಡೆಯ ನಮಗೆ ಸರ್ಕಾರವೆಂದರೆ ಮಂತ್ರಿಯಲ್ಲ, ಶಾಸಕನೂ ಅಲ್ಲ. ಮೇಜಿನ ಆಚೆ ಕುಳಿತು ನಮ್ಮ ಹೆಸರು ಬರೆದುಕೊಳ್ಳುವ ಮನುಷ್ಯನೇ ಸರ್ಕಾರ. ಪಹಣಿಯಲ್ಲಿ ಹುಸೇನಸಾಬನಾದವನು ಪಡಿತರ ಚೀಟಿಯಲ್ಲಿ ಹುಸೇನಪ್ಪನಾಗಿರುತ್ತಾನೆ, ಮತದಾರರ ಪಟ್ಟಿಯಲ್ಲಿ ಕಾಣೆಯಾಗಿರುತ್ತಾನೆ. ತಿದ್ದಿಸಲು ನಾವು ಒಂದು ಕಾಲಕ್ಕೆ ಸುರಪುರಕ್ಕೆ, ಗುಲ್ಬರ್ಗಕ್ಕೆ ಅಲೆದವರು. ಯಾದಗಿರಿ ಜಿಲ್ಲೆಯಾಯಿತು, ಹುಣಸಗಿಯೇ ತಾಲ್ಲೂಕಾಯಿತು. ದಾರಿ ಹತ್ತಿರವಾಯಿತು, ಅಲೆದಾಟ ನಿಂತಿಲ್ಲ. ಹಾಗಾಗಿ ಬರೆಯುವ ಕೈ ಯಾರ ಮಾತು ಕೇಳುತ್ತದೆ ಎಂಬುದು ನಮಗೆ ಹೊಟ್ಟೆಪಾಡಿನ ಪ್ರಶ್ನೆ.

ಈ ಪ್ರಶ್ನೆ ಬಂದಾಗ ಎಸ್.ಎಲ್. ಶಕ್ಧರ್ ನೆನಪಾಗುತ್ತಾರೆ. 1964ರಿಂದ 1977ರವರೆಗೆ ಲೋಕಸಭೆಯ ಸಚಿವಾಲಯದ ಮುಖ್ಯಸ್ಥರಾಗಿದ್ದವರು. ಎಂ.ಎನ್. ಕೌಲ್ ಜೊತೆ ಅವರು ಬರೆದ ಸಂಸದೀಯ ನಡಾವಳಿಯ ಗ್ರಂಥವನ್ನು ಇಂದಿಗೂ ಸದನಗಳಲ್ಲಿ ಎತ್ತಿ ತೋರಿಸುತ್ತಾರೆ. ಸದನದ ಕಾರ್ಯದರ್ಶಿ ಮಾತನಾಡುವವನಲ್ಲ, ಮಾತಿಗೆ ನಿಯಮ ಹೇಳುವವನು. ತುರ್ತು ಪರಿಸ್ಥಿತಿಯಲ್ಲಿ ಪ್ರಶ್ನೋತ್ತರ ವೇಳೆಯೇ ರದ್ದಾದಾಗಲೂ ಅವರು ಅದೇ ಕುರ್ಚಿಯಲ್ಲಿದ್ದರು. ನಿಯಮ ಬಲ್ಲವನಿಗೂ ಎಲ್ಲವನ್ನೂ ತಡೆಯುವ ಅಧಿಕಾರವಿರುವುದಿಲ್ಲ.

1977ರ ಜೂನ್‌ನಲ್ಲಿ ಅವರು ಮುಖ್ಯ ಚುನಾವಣಾ ಆಯುಕ್ತರಾದರು. ಈಗ ತಡೆಯುವ ಅಧಿಕಾರ ಅವರ ಕೈಯಲ್ಲೇ ಇತ್ತು. 1978ರ ಚಿಕ್ಕಮಗಳೂರು ಉಪಚುನಾವಣೆ ಅವರ ಅವಧಿಯದೇ. ಅಲ್ಲಿ ಇಂದಿರಾ ಗಾಂಧಿ ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. 1981ರಲ್ಲಿ, ಅದೇ ಇಂದಿರಾ ಪ್ರಧಾನಿಯಾಗಿದ್ದಾಗ, ಗಢವಾಲ್ ಉಪಚುನಾವಣೆ ಬಂತು. ಕಣದಲ್ಲಿ ಅವರ ಪಕ್ಷ ಬಿಟ್ಟು ಹೋಗಿದ್ದ ಹೇಮವತಿ ನಂದನ್ ಬಹುಗುಣ. ಆಯೋಗಕ್ಕೆ ತಿಳಿಸದೆ ಹೊರ ರಾಜ್ಯದ ಪೊಲೀಸರು ಬಂದಿಳಿದಿದ್ದರು. ಶಕ್ಧರ್ ಇಡೀ ಕ್ಷೇತ್ರದ ಮತದಾನವನ್ನೇ ರದ್ದು ಮಾಡಿದರು. 1982ರ ಮರುಮತದಾನದಲ್ಲಿ ಬಹುಗುಣ ಗೆದ್ದರು.

ಅವರನ್ನು ದೇವರ ಮಾಡುವುದು ಬೇಡ. 1982ರ ಮೇ ತಿಂಗಳಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಮತಯಂತ್ರ ಬಳಸಲಾಯಿತು. ಕಾನೂನಿನಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ನಿಯಮದ ಗ್ರಂಥ ಬರೆದವರ ಆಯೋಗವೇ ನಿಯಮಕ್ಕಿಂತ ಮುಂದೆ ಓಡಿತ್ತು. 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ, ಆ ಮತಗಟ್ಟೆಗಳಲ್ಲಿ ಮರುಮತದಾನಕ್ಕೆ ಹೇಳಿತು. ಕಾನೂನು ತಿದ್ದುಪಡಿಯಾದದ್ದು 1988ರಲ್ಲಿ. ಇಂದು ಆ ಯಂತ್ರವನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್.

ಆಳುವವನಿಗೆ ಇಲ್ಲವೆನ್ನುವ ಧೈರ್ಯ, ತನ್ನನ್ನೂ ಕೋರ್ಟು ತಿದ್ದಬಹುದೆಂಬ ಅಂಕೆ ಎರಡೂ ಇದ್ದರೆ ಮಾತ್ರ ಅಧಿಕಾರಿಯ ಮೇಲೆ ಬಡವನಿಗೆ ನಂಬಿಕೆ. ಅಂಥವನನ್ನು ಆರಿಸುವವರು ಯಾರು? 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು, ಕಾನೂನು ಬರುವ ತನಕ ಆಯ್ಕೆ ಸಮಿತಿಯಲ್ಲಿ ಮುಖ್ಯ ನ್ಯಾಯಮೂರ್ತಿಯೂ ಇರಲಿ ಎಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಮಾಡಿದ ಕಾನೂನು ಆ ಜಾಗವನ್ನು ಒಬ್ಬ ಕೇಂದ್ರ ಮಂತ್ರಿಗೆ ಕೊಟ್ಟಿತು. ಮೂವರಲ್ಲಿ ಇಬ್ಬರು ಸರ್ಕಾರದವರೇ.

ದೆಹಲಿಯ ಮಾತು ನಮಗೇಕೆ ಎನ್ನಬೇಡಿ. ಕೃಷ್ಣೆಯ ನೀರು ನಾರಾಯಣಪುರದ ತೂಬಿನಿಂದ ಹೊಲದ ಕೊನೆಗೆ ಬರುವ ಹಾಗೆ, ಮೇಲಿನ ಕುರ್ಚಿಯ ನಡತೆ ಕೆಳಗಿನ ಮೇಜಿಗೂ ಇಳಿದು ಬರುತ್ತದೆ. ಮೇಲೆ ಬೆನ್ನು ಬಾಗಿದರೆ, ಇಲ್ಲಿ ಹುಸೇನಸಾಬನ ಹೆಸರು ಬರೆಯುವ ಕೈಯೂ ಯಾರದೋ ಸನ್ನೆಗೆ ಕಾಯುತ್ತದೆ.