ಹಾವರ್ತ್ ಗ್ರಾಮದ ನೀರು

ಕಳೆದ ಬೇಸಿಗೆಯಲ್ಲಿ ಕೆಲವು ಸದಸ್ಯ ಕುಟುಂಬಗಳೊಡನೆ ನಾವು ಯಾರ್ಕ್‌ಷೈರಿನ ಹಾವರ್ತ್ ಗ್ರಾಮಕ್ಕೆ ಹೋಗಿದ್ದೆವು. ಬ್ರಾಂಟೆ ಸೋದರಿಯರ ಮನೆಯನ್ನು ನೋಡುವುದು ಮಕ್ಕಳ ಆಸೆ. ವೈದ್ಯರಾದ ನಮ್ಮ ಕಣ್ಣು ಮಾತ್ರ ಮನೆಯೆದುರಿನ ಸ್ಮಶಾನದಲ್ಲಿ ನಿಂತಿತು. ಒತ್ತೊತ್ತಾದ ಆ ಕಲ್ಲುಗಳ ಮೇಲೆ ಎಷ್ಟೊಂದು ಎಳೆಯರ ಹೆಸರುಗಳು!

ಅಲ್ಲಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ 1849ರಲ್ಲಿ ಊರವರೊಡಗೂಡಿ ಶುದ್ಧ ನೀರಿಗಾಗಿ ಸರ್ಕಾರದ ಆರೋಗ್ಯ ಮಂಡಳಿಗೆ ಮನವಿ ಸಲ್ಲಿಸಿದರು. ಮರುವರ್ಷ ಬಂದ ಪರಿಶೀಲಕ ಬೆಂಜಮಿನ್ ಬ್ಯಾಬೇಜ್ ಬರೆದ ವರದಿಯಂತೆ ಮೃತರ ಸರಾಸರಿ ವಯಸ್ಸು 25.8 ವರ್ಷ, ಶೇಕಡ 41.6ರಷ್ಟು ಜನ ಆರು ತುಂಬುವ ಮೊದಲೇ ಕಣ್ಣು ಮುಚ್ಚುತ್ತಿದ್ದರು. ತಮ್ಮ ಆರೂ ಮಕ್ಕಳನ್ನು ಕಳೆದುಕೊಂಡ ಪಾದ್ರಿ 1861ರವರೆಗೆ ಬದುಕಿದ್ದರು.

ನಮ್ಮ ಅಜ್ಜಿ ಒಂಬತ್ತು ಹೆತ್ತು ಐವರನ್ನು ಉಳಿಸಿಕೊಂಡವರು. ಹೋದವರ ಮಾತು ಬಂದಾಗ, “ಋಣ ಅಷ್ಟೇ ಇತ್ತು” ಎನ್ನುತ್ತಿದ್ದರು. ಎಂ.ಬಿ.ಬಿ.ಎಸ್. ಮುಗಿಸಿದ ಹೊಸತರಲ್ಲಿ ನಾವು, “ಋಣವಲ್ಲ ಅಜ್ಜಿ, ಬಾವಿಯ ನೀರು” ಎಂದು ತಿದ್ದಿದೆವು. ಅವರು ಮತ್ತೆಂದೂ ಆ ಮಕ್ಕಳ ಮಾತೆತ್ತಲಿಲ್ಲ.

ಹಾವರ್ತ್‌ನ ಪಾದ್ರಿ ಹೆತ್ತವರಿಗೆ ಸಮಾಧಾನ ಹೇಳಿದರು, ಸರ್ಕಾರದ ಮುಂದೆ ನೀರಿನ ಮಾತೆತ್ತಿದರು. ಯಾರೆದುರು ಯಾವ ಮಾತು ಎಂಬುದನ್ನು ಅವರು ಬಲ್ಲವರಾಗಿದ್ದರು. ಅಜ್ಜಿಯ ಎದುರು ನಾವು ಅದನ್ನರಿಯದೆ ಹೋದೆವು.